ಹುಕ್ಕೇರಿ ಮಾಮಾನ ಬಸ್ಸು

ನನ್ನ ಅತ್ತೆ ಜಿನ್ನವ್ವ ಮನಸ್ಸಿಗೆ ಬಹಳ ಬೇಕಾದದ್ದನ್ನು ಜೀವಮಾನದಲ್ಲಿ ಒಂದೇ ಸಲ ಬಿಟ್ಟುಕೊಟ್ಟರು. ಅದಾದ ಮೇಲೆ ಐದು ವರ್ಷ ನನ್ನ ತಲೆ ತಿಂದರು. ಬಿಟ್ಟದ್ದು ಬಂಗಾರವಲ್ಲ, ಹೊಲವಲ್ಲ, ಟಿವಿಯಲ್ಲಿ ಬರುತ್ತಿದ್ದ ಒಂದು ನಗೆ ಕಾರ್ಯಕ್ರಮ. ಈಗಲೇ ನಗಬೇಡಿ, ಪೂರಾ ಕೇಳಿ.

ಕೊಣ್ಣೂರಿನ ಕೇದಾರಿ ಮದುವೆಗಳ ವಿಡಿಯೊ ತೆಗೆಯುವವನು. ಲಗ್ನದ ಸೀಜನ್ನಿನಲ್ಲಿ ಅವನಿಗೆ ಉಣ್ಣಲು ಪುರಸೊತ್ತಿರುತ್ತಿರಲಿಲ್ಲ. ಆಷಾಢ ಬಂತೆಂದರೆ ದೀಪಾವಳಿಯ ತನಕ ಮದುವೆಗಳಿಲ್ಲ, ಕ್ಯಾಮೆರಾ ಗೂಟಕ್ಕೆ ತೂಗುಬೀಳುತ್ತಿತ್ತು. ಸುಮ್ಮನೆ ಕೂತು ಬೇಜಾರಾಗಿ, ೧೯೯೬ರ ಮಳೆಗಾಲದಲ್ಲಿ ನಾಲ್ಕಾರು ಗೆಳೆಯರನ್ನು ಕಟ್ಟಿಕೊಂಡು ಸಣ್ಣ ಸಣ್ಣ ನಗೆಯಾಟಗಳನ್ನು ಆಡಿಸಿ ಶೂಟಿಂಗ್ ಮಾಡತೊಡಗಿದ. ಅದಕ್ಕೆ 'ಕಟ್ಟಿ ಮ್ಯಾಲಿನ ಮಂದಿ' ಎಂದು ಹೆಸರಿಟ್ಟ. ಕ್ಯಾಸೆಟ್ಟನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತಾನೇ ಹೋಗಿ ಕೇಬಲ್‌ನವರಿಗೆ ಕೊಡುತ್ತಿದ್ದ. ಸೋಮವಾರ ಗೋಕಾಕ, ಬುಧವಾರ ಮೂಡಲಗಿ, ಶುಕ್ರವಾರ ಹುಕ್ಕೇರಿ. ನಮ್ಮ ಕುಲಗೋಡಕ್ಕೆ ಮೂಡಲಗಿಯ ಕೇಬಲ್, ಹಾಗಾಗಿ ನಮ್ಮದು ಬುಧವಾರ.

ನಾವು ಜೈನರು ಹೊತ್ತು ಮುಳುಗುವ ಮೊದಲೇ ಉಣ್ಣುವ ಮಂದಿ. ಏಳು ಗಂಟೆಗೆ ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ನಮ್ಮ ಮನೆಯ ಪಾತ್ರೆ ತೊಳೆದು ಬೋರಲು ಹಾಕಿಯೂ ಆಗಿರುತ್ತಿತ್ತು. ಓಣಿಯ ಉಳಿದ ಹೆಂಗಸರು ರೊಟ್ಟಿಯ ಹಿಟ್ಟನ್ನು ಹಾಗೇ ಬಿಟ್ಟು ನಮ್ಮ ಪಡಸಾಲೆಗೆ ಓಡಿಬರುತ್ತಿದ್ದರು. ಎಲ್ಲರಿಗಿಂತ ಮುಂದೆ, ಟಿವಿಗೆ ಮೂಗು ತಾಗುವಷ್ಟು ಹತ್ತಿರ, ನನ್ನ ಅತ್ತೆ.

ನಾನು ನಿಪ್ಪಾಣಿ ಕಡೆಯವಳು, ಮನೆಮಾತು ಮರಾಠಿ. ಲಗ್ನವಾಗಿ ಬಂದ ಹೊಸದರಲ್ಲಿ ಅತ್ತೆಗೆ ನನ್ನ ಕನ್ನಡ ಸೇರುತ್ತಿರಲಿಲ್ಲ, ನನಗೆ ಅವರ ದನಿ ಸೇರುತ್ತಿರಲಿಲ್ಲ. ಹಾಲು ಉಕ್ಕಿದರೆ ಜಗಳ, ಉಕ್ಕದಿದ್ದರೂ ಜಗಳ. ನನ್ನ ಗಂಡ ಜಿನೇಂದ್ರ ಇಬ್ಬರ ನಡುವೆ ಸಿಕ್ಕು, ಕಬ್ಬಿಗೆ ನೀರು ಬಿಡುವ ನೆಪ ಹೇಳಿ ಹೊಲಕ್ಕೆ ಹೋಗಿಬಿಡುತ್ತಿದ್ದರು. ಬುಧವಾರದ ಆ ಅರ್ಧ ತಾಸು ಮಾತ್ರ ನಾವಿಬ್ಬರೂ ಒಂದೇ ಚಾಪೆಯ ಮೇಲೆ ಕೂತು ಒಂದೇ ಮಾತಿಗೆ ನಗುತ್ತಿದ್ದೆವು. ಮನುಷ್ಯರ ಡಾಕ್ಟರ ಹತ್ತಿರ ಪಾಳಿ ದೊಡ್ಡದಿದೆ ಎಂದು ಮಾಯವ್ವ ಎಂಬ ಹೆಂಗಸು ತನ್ನ ಗಂಡನನ್ನು ದನದ ಡಾಕ್ಟರಿಗೆ ತೋರಿಸಲು ಕರೆದೊಯ್ಯುವ ಆಟ ಬಂದಾಗ ಅತ್ತೆ ನಗುತ್ತ ನನ್ನ ತೊಡೆಗೆ ಬಡಿದ ಏಟು ಎರಡು ದಿನ ಉರಿಯಿತು. ಅತ್ತೆ ನನ್ನ ಮೈ ಮುಟ್ಟಿ ನಕ್ಕದ್ದು ಅದೇ ಮೊದಲು.

ಪ್ರತಿ ವಾರ ಕೊನೆಗೆ ಹುಕ್ಕೇರಿ ಮಾಮಾ ಬರುತ್ತಿದ್ದ. ಕೊಣ್ಣೂರಿನ ಸಾತಪ್ಪ ಆ ವೇಷ ಹಾಕುತ್ತಿದ್ದ. ಟ್ರಂಕು, ಕೊಡೆ, ಕಚ್ಚೆ ಧೋತರ. ಕ್ರಾಸಿನ ಕಲ್ಲಿನ ಮೇಲೆ ಕೂತು ಹುಕ್ಕೇರಿ ಬಸ್ಸಿಗೆ ಕಾಯುವುದೇ ಅವನ ಕೆಲಸ. ಬಸ್ಸು ಬರುತ್ತಿರಲಿಲ್ಲ ಎಂದಲ್ಲ, ಬರುತ್ತಿತ್ತು. ಆದರೆ ಅದು ಬರುವ ಗಳಿಗೆಗೆ ಸರಿಯಾಗಿ ಮಾಮಾ ನೀರು ಕುಡಿಯಲು ಹೋಗಿರುತ್ತಿದ್ದ, ಇಲ್ಲವೇ ಪೇರಲ ಹಣ್ಣಿನವಳ ಜೊತೆ ವಾದಕ್ಕೆ ಬಿದ್ದಿರುತ್ತಿದ್ದ. ಬಂದು ಕೇಳುತ್ತಿದ್ದ: "ಹುಕ್ಕೇರಿ ಬಸ್ ಹೋತೇನ್ರಿ?" ಎಲ್ಲರೂ ಸೇರಿ ಹೇಳುತ್ತಿದ್ದರು: "ಈಗ ಹೋತಲ್ರಿ ಮಾಮಾ." ಅಷ್ಟೇ. ಅಷ್ಟಕ್ಕೇ ಮೂರೂ ಊರಿನ ಸೀಮೆ ನಗುತ್ತಿತ್ತು. ಸಂತೆಯಲ್ಲಿ ಯಾರಾದರೂ ತಡವಾಗಿ ಬಂದರೆ ಹುಡುಗರು "ಈಗ ಹೋತಲ್ರಿ ಮಾಮಾ" ಎಂದು ಕೂಗುತ್ತಿದ್ದರು.

ಇನ್ನು ಗೋಳಿನ ಕತೆ. ಮದುವೆಯಿಲ್ಲದ ಆ ನಾಲ್ಕು ತಿಂಗಳೇ ನಮಗೆ ಚಾತುರ್ಮಾಸ. ಮುನಿ ಮಹಾರಾಜರು ಒಂದೇ ಊರಲ್ಲಿ ನಿಲ್ಲುವ ಕಾಲ, ಹೆಂಗಸರೆಲ್ಲ ಬಸದಿಗೆ ಹೋಗಿ ಒಂದಲ್ಲ ಒಂದನ್ನು ಬಿಡುವ ನೇಮ ಹಿಡಿಯುವ ಕಾಲ. ೧೯೯೯ರಲ್ಲಿ ಮಹಾರಾಜರ ವರ್ಷಾಯೋಗ, ಅಂದರೆ ಆ ನಾಲ್ಕು ತಿಂಗಳ ವಾಸ, ನಮ್ಮೂರಲ್ಲೇ ಆಯಿತು. ಪಾಳಿ ಹಚ್ಚಿ ನಿಂತಿದ್ದೆವು. ಒಬ್ಬಳು ಬದನೆಕಾಯಿ ಬಿಟ್ಟಳು, ಇನ್ನೊಬ್ಬಳು ತುಪ್ಪ ಬಿಟ್ಟಳು. ಸೇರದ್ದನ್ನು ಬಿಡುವುದು ಬಿಟ್ಟಂತಲ್ಲ, ಸೇರಿದ್ದನ್ನು ಬಿಡಬೇಕು ಎಂದು ಮಹಾರಾಜರು ಮೆಲ್ಲಗೆ ಹೇಳಿದರು. ಅತ್ತೆ ಒಂದು ಗಳಿಗೆ ನೆಲ ನೋಡಿದರು. ಆಮೇಲೆ ಕೈ ಮುಗಿದು, "ದೀಪಾವಳಿತನಕ ಟಿವಿ ಬಿಟ್ಟೇನ್ರಿ ಮಹಾರಾಜ್" ಎಂದುಬಿಟ್ಟರು.

ಮನೆಗೆ ಬಂದು, "ಇದೇನ್ ಮಾಡಿದ್ರಿ ಅತ್ತೀ?" ಎಂದೆ.

"ಕೇದಾರಿ ಬರೂ ವರ್ಷ ಹಳೇವನ್ನ ಮತ್ತ ಹಚ್ಚತಾನಲ್ಲ, ಆವಾಗ ನೋಡತೇನಿ. ಈ ವರ್ಷ ಅದರಾಗ ಏನಾತಂತ ನೀ ನನಗೊಂದ್ ಮಾತ ಹೇಳಬ್ಯಾಡ, ಅಷ್ಟ ಸಾಕು."

ಆ ವರ್ಷ ಬುಧವಾರ ಸಂಜೆಯಾದರೆ ಅತ್ತೆ ಜಪಮಾಲೆ ಹಿಡಿದು ಹಿತ್ತಿಲಿಗೆ ಹೋಗಿ ಎಮ್ಮೆಯ ಪಕ್ಕ ಕೂರುತ್ತಿದ್ದರು. ದನಿಯೂ ಕೇಳಬಾರದೆಂದು ಕಿವಿಗೆ ಸೆರಗು ಸುತ್ತಿಕೊಳ್ಳುತ್ತಿದ್ದರು. ಒಳಗೆ ನಾವು ನಗುವುದಕ್ಕೂ ಹೆದರಿ ನಗುತ್ತಿದ್ದೆವು. ದೀಪಾವಳಿಗೆ ನಾಲ್ಕು ದಿನ ಮುಂಚೆ ಕೊನೆಯ ಕಂತು ಬಂತು. ಆ ದಿನ ಮಾತ್ರ ಯಾರಿಗೂ ತಡೆಯಲಾಗಲಿಲ್ಲ, ಓಣಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಅತ್ತೆ ಒಳಗೆ ಬಂದು ಒಬ್ಬೊಬ್ಬರ ಮುಖವನ್ನೂ ನೋಡಿ, "ಮಾಮಾ ಬಸ್ ಹತ್ತಿದ್ನೇನು? ಹೇಳಬ್ಯಾಡ್ರಿ, ಹೇಳಬ್ಯಾಡ್ರಿ" ಎಂದರು. ಯಾರೂ ಹೇಳಲಿಲ್ಲ.

ಮುಂದಿನ ವರ್ಷ ಕೇದಾರಿಯ ಕಾರ್ಯಕ್ರಮವೇ ಬರಲಿಲ್ಲ. ಊರೂರಿನ ಸಣ್ಣ ಕೇಬಲ್‌ಗಳನ್ನೆಲ್ಲ ದೊಡ್ಡವರು ಯಾರೋ ಕೊಂಡರು. ಕೊಣ್ಣೂರಿನ ಕ್ಯಾಸೆಟ್ಟಿಗೆ ಅವರಲ್ಲಿ ಜಾಗವಿರಲಿಲ್ಲ. ಅತ್ತೆ ಪ್ರತಿ ಬುಧವಾರ ಏಳಕ್ಕೆ ಟಿವಿ ಹಚ್ಚುವುದು, ಚಾನೆಲ್ ತಿರುವುವುದು, ಬಂದ್ ಮಾಡುವುದು. ಆಮೇಲೆ ಅಡುಗೆಮನೆಗೆ ಬಂದು ನನ್ನ ಒಗ್ಗರಣೆಯಲ್ಲಿ ತಪ್ಪು ಹುಡುಕುವುದು.

ಕೊನೆಗೆ ಮಾಮಾ ಏನಾದ ಎಂದು ಹೇಳಿಬಿಡುತ್ತೇನೆ ಎಂದರೆ ಒಪ್ಪುತ್ತಿರಲಿಲ್ಲ. "ಕೇಳೂದು ನೋಡಿದಂಗ ಆಕ್ಕೈತೇನು? ಊಟಾ ಹೆಂಗಿತ್ತು ಅಂತ ಕೇಳಿದ್ರ ಹೊಟ್ಟಿ ತುಂಬತೈತೇನು?" ಎನ್ನುತ್ತಿದ್ದರು. ಓಣಿಯ ಮಂದಿಯೂ ಏನು ಮಂದಿಯೋ. ಊರಿನ ಯಾವ ಗುಟ್ಟೂ ಆ ಓಣಿಯಲ್ಲಿ ಒಂದು ರಾತ್ರಿ ಉಳಿದದ್ದಿಲ್ಲ, ಆದರೆ ಹುಕ್ಕೇರಿ ಮಾಮಾನ ಸುದ್ದಿಯನ್ನು ಐದು ವರ್ಷ ಒಬ್ಬರೂ ಅತ್ತೆಯ ಮುಂದೆ ಆಡಲಿಲ್ಲ. ಅವರೆಲ್ಲರಿಗೂ ನಾನು ಇವತ್ತಿಗೂ ಋಣಿ.

ಇದು ಬರೀ ಆಸೆಯ ಮಾತಾಗಿದ್ದರೆ ನಾನೂ ಗದರಿ ಸುಮ್ಮನಾಗಿಸುತ್ತಿದ್ದೆ. ಒಂದು ದಿನ ಸಂಜೆ ಅಕ್ಕಿ ಆರಿಸುತ್ತ ಅತ್ತೆ ತಾವಾಗಿಯೇ ಹೇಳಿದರು. "ಶುಭಾಂಗಿ, ಬಿಟ್ಟ ಮ್ಯಾಲ ಹಳಹಳಿಸಬಾರದು. ಹಳಹಳಿಸಿದ್ರ ಬಿಟ್ಟದ್ದರ ಪುಣ್ಯಾನೂ ಹೋಗತೈತಿ. ನಾ ದಿನಾ ಹಳಹಳಿಸಾಕತ್ತೇನಿ. ಅವತ್ತ ಬದನಿಕಾಯಿ ಬಿಟ್ಟಿದ್ರ ಆಗತಿತ್ತು ಅಂತ ದಿನಾ ಅನಸ್ತೈತಿ. ಜಲ್ಮದಾಗ ಒಂದ ಸಲ ಖರೇ ನೇಮ ಹಿಡದೆ, ಅದನ್ನೂ ಕೆಡಿಸಿಕೊಂಡೆ."

ಅವರ ಕಣ್ಣು ತುಂಬಿತ್ತು. ಹಾಗೆ ನೋಡಿದ ಮೇಲೆ ನನಗೆ ಅವರ ಮೇಲಿನ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಆ ಕೊನೆಯ ಕಂತನ್ನು ಇವರಿಗೆ ಹೇಗಾದರೂ ತೋರಿಸಬೇಕು, ಇವರ ಹಳಹಳಿ ತೀರಬೇಕು ಎಂದು ಆ ಹೊತ್ತಿನಿಂದ ನನಗೂ ಹಟ ಹಿಡಿಯಿತು.

೨೦೦೪ರ ಮಳೆಗಾಲದಲ್ಲಿ ಸುದ್ದಿ ಬಂತು. ಗೋಕಾಕ ಬಸ್‌ಸ್ಟ್ಯಾಂಡಿನ ಬಾಜೂ ಕ್ಯಾಸೆಟ್ ಅಂಗಡಿಗೆ ಬೋರ್ಡು ಬಿದ್ದಿದೆ: 'ಕಟ್ಟಿ ಮ್ಯಾಲಿನ ಮಂದಿ, ಸಂಪೂರ್ಣ, ವಿಸಿಡಿ ರೂಪದಲ್ಲಿ, ದೀಪಾವಳಿಗೆ.' ಮೂಡಲಗಿಯಲ್ಲೂ ಬೋರ್ಡು, ಹುಕ್ಕೇರಿಯಲ್ಲೂ ಬೋರ್ಡು. ಮಂದಿ ಅಂಗಡಿಗೆ ಹೋಗಿ "ಬಂತೇನ್ರಿ?" ಎಂದು ಕೇಳುವುದು, ಅಂಗಡಿಯವನು "ಈಗ ಹೋತಲ್ರಿ ಮಾಮಾ" ಎನ್ನುವುದು, ಅಷ್ಟಕ್ಕೇ ಎಲ್ಲರೂ ನಗುವುದು. ಜಿನೇಂದ್ರ ವಿಸಿಡಿ ಪ್ಲೇಯರು ತಂದರು. ಅತ್ತೆ ಅದರ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿ, ಬೇರೆ ಯಾವ ಡಿಸ್ಕನ್ನೂ ಅದರಲ್ಲಿ ಹಾಕಗೊಡಲಿಲ್ಲ. ಆ ವರ್ಷದ ನೇಮಕ್ಕೆ ಅವರು ಸಿಹಿ ಬಿಟ್ಟಿದ್ದರು. ಬಸದಿಗೆ ಹೊರಡುವಾಗ ಬಾಗಿಲಲ್ಲಿ ಅಡ್ಡ ನಿಂತು, "ಟಿವಿ ಅಂತೀರೇನು ನೋಡ್ರಿ ಮತ್ತ, ನಾ ತವರಮನಿಗಿ ಹೊಕ್ಕೇನಿ" ಎಂದು ನಾನು ಹೆದರಿಸಿದ್ದೆ.

ನವರಾತ್ರಿಗೆ ಮುಂಚೆ ಒಂದು ಮಧ್ಯಾಹ್ನ ಕೇದಾರಿಯೇ ಸ್ಕೂಟರ್ ಮೇಲೆ ನಮ್ಮ ಮನೆಗೆ ಬಂದ. ಐದು ವರ್ಷದಿಂದ ಅತ್ತೆ ಆ ಕೊನೆಯ ಕಂತು ಬೇಕೆಂದು ಕಂಡಕಂಡವರ ಕೈಯಲ್ಲಿ ಅವನಿಗೆ ಹೇಳಿ ಕಳಿಸುತ್ತಿದ್ದರು, ಹಾಗಾಗಿ ಮೊದಲು ಇವರಿಗೇ ತಿಳಿಸಬೇಕು ಅನ್ನಿಸಿತಂತೆ. ಮುಖ ಸಣ್ಣಗಾಗಿತ್ತು. ಚಹಾದ ಕಪ್ಪು ಹಿಡಿದು ಕುಡಿಯದೆ ಕೂತ.

"ಆಯಿ, ಎಲ್ಲಾ ಸಿಕ್ಕೈತ್ರಿ. ಕೊನೀ ಕಂತೊಂದ ಸಿಗವಲ್ದು," ಎಂದ. "ನಾಕನೇ ವರ್ಷದ ಎರಡನೇ ಕ್ಯಾಸೆಟ್ಟಿನ ಕೊನೀಗಿ ಇತ್ರಿ ಅದು. ಬರೇ ಡಬ್ಬಿ ಐತಿ, ಒಳಗ ಕ್ಯಾಸೆಟ್ ಇಲ್ಲ."

"ಎಲ್ಲಿ ಹೋತು?" ಎಂದು ನಾನೇ ಕೇಳಿದೆ.

"ನೆನಪ ಮಾಡಿ ಮಾಡಿ ಸಾಕಾತ್ರಿ. ಆ ವರ್ಷ ದೀಪಾವಳಿ ಆದ ಕೂಡ್ಲೇ ಮದುವಿ ಬಂದುವು. ಹೊಸಾ ಕ್ಯಾಸೆಟ್ ಕೊಲ್ಲಾಪುರದಿಂದ ಬಂದಿದ್ದಿಲ್ಲ. ಆ ಗಡಬಡಿಯೊಳಗ ಇದರ ಮ್ಯಾಲೇ ಯಾರದೋ ಮದುವಿ ತುಂಬಿ ಕೊಟ್ಟೇನ್ರಿ. ಯಾರದಂತ ನೆನಪಿಲ್ಲ."

ಅತ್ತೆ ಕೇಳಿದರು: "ಕ್ಯಾಸೆಟ್ ಎಷ್ಟ ತಾಸಿಂದು?"

"ಮೂರು ತಾಸಿಂದ್ರಿ."

"ಮದುವಿ?"

ಕೇದಾರಿ ಕಪ್ಪನ್ನು ಕೆಳಗಿಟ್ಟ. "ಮದುವಿ ಅಷ್ಟ ಇರಂಗಿಲ್ರಿ ಆಯಿ," ಎಂದ ನಿಧಾನವಾಗಿ. "ಹೌದಲ್ರಿ. ಮದುವಿ ಮುಗದ ಮ್ಯಾಲ ಹಳೇದು ಹಂಗ ಉಳದಿರತೈತಿ. ಹೆಣ್ಣು ಕಳಿಸೂದ ಆತಂದ್ರ ಎಲ್ಲಾರೂ ಬಂದ್ ಮಾಡತಾರ, ಮುಂದ ಏನೈತಿ ಅಂತ ಯಾರೂ ನೋಡಂಗಿಲ್ಲ."

"ಹಂಗಾರ ಏಳು," ಎಂದರು ಅತ್ತೆ.

ಮರುದಿನದಿಂದ ನಮ್ಮ ಮೂವರ ಯಾತ್ರೆ ಶುರುವಾಯಿತು. ಆ ಸೀಜನ್ನಿನ ಮೊದಲ ವಾರ ಕೇದಾರಿ ತೆಗೆದ ಮದುವೆಗಳು ಬೆರಳ ಮೇಲೆ ಎಣಿಸುವಷ್ಟು. ಅವನು ತನ್ನ ವಿಸಿಆರನ್ನು ಚಾದರದಲ್ಲಿ ಸುತ್ತಿಕೊಂಡು ಬರುತ್ತಿದ್ದ, ನಾನೂ ಅತ್ತೆಯೂ ಬಸ್ಸಿನಲ್ಲಿ. ಬಾಗಿಲಲ್ಲಿ ನಿಂತು, "ನಿಮ್ಮ ಮದುವಿ ಕ್ಯಾಸೆಟ್ ಸ್ವಲ್ಪ ನೋಡಬೇಕಾಗೇತ್ರಿ" ಎಂದಾಗ ಮನೆಯವರು ಮೊದಲು ಬೆಪ್ಪಾಗುತ್ತಿದ್ದರು, ಆಮೇಲೆ ಹಿಗ್ಗಿಹೋಗುತ್ತಿದ್ದರು. ಮದುವೆಯ ಕ್ಯಾಸೆಟ್ ನೋಡು ಎಂದು ಮನೆಗೆ ಬಂದವರನ್ನು ಹಿಡಿದು ಕೂರಿಸುವುದು ಲೋಕರೂಢಿ. ತೋರಿಸಿ ಎಂದು ಕೇಳಿಕೊಂಡು ಬಂದವರು ನಾವೇ ಇರಬೇಕು.

ಕೊಣ್ಣೂರಿನ ಒಂದು ಮನೆಯಲ್ಲಿ ಹೆಂಡತಿ ಗಂಡನನ್ನು ಹೊಲದಿಂದ ಕರೆಸಿದಳು. ನಾವು ಕೊನೆಗೆ ಓಡಿಸಿ ಎನ್ನುವುದು, ಅವಳು ಮೊದಲಿಂದ ನೋಡಿ ಎನ್ನುವುದು. ಅಕ್ಷತೆಯ ಹೊತ್ತಿಗೆ ಗಂಡನ ಕಾಕಾ ಎಲ್ಲಿದ್ದ ಎಂಬುದರ ಮೇಲೆ ಗಂಡಹೆಂಡಿರಿಗೆ ಜಗಳ ಹತ್ತಿತು, ಊಟದ ಪಂಕ್ತಿಯ ಹೊತ್ತಿಗೆ ರಾಜಿಯಾಯಿತು. ಕೊನೆಗೆ ಬರೀ ನೀಲಿ ಪರದೆ. ಗೋಕಾಕದ ಮನೆಯ ಕ್ಯಾಸೆಟ್ಟಿಗೆ ಬೂಜು ಹಿಡಿದಿತ್ತು, ಕೇದಾರಿ ಒರೆಸಿ ಒರೆಸಿ ಹಚ್ಚಿದ, ಅದರಲ್ಲೂ ಇರಲಿಲ್ಲ. ಇನ್ನೊಂದು ಮನೆಯಲ್ಲಿ ಮದುವೆಯ ಮೇಲೆ ಗಂಡ ಕ್ರಿಕೆಟ್ ತುಂಬಿಕೊಂಡಿದ್ದ. ಅದು ಅವನ ಹೆಂಡತಿಗೆ ಗೊತ್ತಾದದ್ದು ನಮ್ಮ ಎದುರಿಗೇ. ನಾವು ಚಪ್ಪಲಿ ಮೆಟ್ಟಿಕೊಂಡು ಮೆಲ್ಲಗೆ ಹೊರಬಿದ್ದೆವು.

ಎಲ್ಲ ಮನೆಯಲ್ಲೂ ಅವಲಕ್ಕಿ, ಎಲ್ಲ ಮನೆಯಲ್ಲೂ ಅತ್ತೆಯದು ಒಂದೇ ಮಾತು, "ಉಳ್ಳಾಗಡ್ಡಿ ತಿನ್ನಂಗಿಲ್ರಿ." ಪಾಪ, ಈರುಳ್ಳಿ ಹಾಕದೆ ಮತ್ತೆ ಬೇರೆ ಮಾಡಿ ಕೊಡುತ್ತಿದ್ದರು. ಒಂದು ಮನೆಯವರೂ ಬೇಸರ ಮಾಡಿಕೊಳ್ಳಲಿಲ್ಲ. ಹುಕ್ಕೇರಿ ಮಾಮಾ ಎಂದ ಕೂಡಲೇ ನಕ್ಕು, ಕೂರಿ ಎನ್ನುತ್ತಿದ್ದರು. ಅವನು ಏನಾದ ಎಂಬುದು ಅವರಿಗೆಲ್ಲ ಗೊತ್ತಿತ್ತು. ನಾನು ಅತ್ತೆಯ ಬೆನ್ನ ಹಿಂದೆ ನಿಂತು ಬಾಯಿಗೆ ಬೆರಳಿಟ್ಟು ಸನ್ನೆ ಮಾಡುತ್ತಿದ್ದೆ. ಅವರೂ ಹೇಳುತ್ತಿರಲಿಲ್ಲ.

ಕೊನೆಗೆ ಒಂದೇ ಮನೆ ಉಳಿಯಿತು. ಧುಪದಾಳದ ಕರೆವ್ವನ ಮನೆ.

"ಅಲ್ಲಿ ಬ್ಯಾಡ್ರಿ ಆಯಿ," ಎಂದ ಕೇದಾರಿ. ಕರೆವ್ವನಿಗೆ ಒಬ್ಬಳೇ ಮಗಳು, ಕಾಜಲ್. ಮದುವೆಯಾದ ಮರುವರ್ಷ ಕಾಮಾಲೆಯಾಗಿ ತೀರಿಕೊಂಡಿದ್ದಳು. "ನಾ ಮಣ್ಣಿಗೂ ಹೋಗಲಿಲ್ರಿ. ಮದುವಿಯೊಳಗ ಅಳಬ್ಯಾಡ, ಕ್ಯಾಮೆರಾ ನೋಡು ಅಂತ ಆ ಹುಡುಗಿನ್ನ ನಗಿಸಿದವ ನಾನ. ಅವರವ್ವಗ ಯಾವ ಮಾರಿ ತೋರಸ್ಲಿ?"

ಐದು ವರ್ಷ ಹಂಬಲಿಸಿದ್ದು ಆ ಮನೆಯಲ್ಲೇ ಇದೆ ಎಂದು ಅತ್ತೆಗೂ ಗೊತ್ತು, ನಮಗೂ ಗೊತ್ತು. ಬೇರೆಲ್ಲೂ ಇರಲು ಸಾಧ್ಯವೇ ಇರಲಿಲ್ಲ.

"ಹಂಗಾರ ಕ್ಯಾಸೆಟ್ ಬ್ಯಾಡ," ಎಂದರು ಅತ್ತೆ. "ಸತ್ತ ಮಗಳ ಮದುವಿ ಹಚ್ಚು, ನಾ ನಗಬೇಕು ಅಂತ ಆ ತಾಯಿಗಿ ಹೆಂಗ ಕೇಳೂದು? ಅದರ ಸುದ್ದಿ ಬಿಡು. ಆದ್ರ ನೀ ಹೋಗಿ ಅಕಿನ್ನ ಮಾತಾಡಸಬೇಕು ಕೇದಾರಿ. ನಡಿ, ನಾವೂ ಬರತೇವಿ."

ವಿಸಿಆರನ್ನು ನಮ್ಮ ಮನೆಯಲ್ಲೇ ಬಿಟ್ಟು ಹೊರಟೆವು.

ಧುಪದಾಳದಲ್ಲಿ ಒಡ್ಡಿನ ಮೇಲೆ ನೀರು ಧುಮುಕುವ ಸಪ್ಪಳ ಕರೆವ್ವನ ಅಂಗಳದ ತನಕ ಕೇಳುತ್ತಿತ್ತು. ಕರೆವ್ವ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ನಾವು ಯಾರೆಂದು ಕೇದಾರಿ ಹೇಳುವ ಮೊದಲೇ ಅವನ ಗುರುತು ಹಿಡಿದು ಎದ್ದು ನಿಂತಳು. ಬೈಯುತ್ತಾಳೆ ಎಂದು ನಾನು ಎದೆ ಗಟ್ಟಿ ಮಾಡಿಕೊಂಡೆ.

"ಬಂದ್ಯಾ ಕೇದಾರಿ ಅಣ್ಣಾ," ಎಂದಳು. "ಎಷ್ಟ ವರ್ಷ ನಿನ್ನ ಹಾದಿ ನೋಡಿದ್ನೋ. ಬಾ ಒಳಗ. ನೀವೂ ಬರ್ರಿ ಅಕ್ಕಾರ."

ಒಳಗೆ ಗೂಡಿನಲ್ಲಿ ಕಾಜಲ್‌ಳ ಫೋಟೊ, ಅದರ ಕೆಳಗೆ ಟಿವಿ, ಟಿವಿಯ ಕೆಳಗೆ ಹಳೆಯ ವಿಸಿಆರು. ಮಗಳ ಕ್ಯಾಸೆಟ್ ನೋಡಲೆಂದೇ ಘಟಪ್ರಭಾದಲ್ಲಿ ಯಾರದೋ ಹಳೆಯದನ್ನು ಕೊಂಡಿದ್ದಳಂತೆ. ಅತ್ತೆ ಅವಳ ಕೈ ಹಿಡಿದು ಪಕ್ಕ ಕೂತರು, ಮಗಳ ವಿಚಾರ ಕೇಳಿದರು. ಕರೆವ್ವ ಎಲ್ಲ ಹೇಳಿದಳು. ಆಮೇಲೆ ಕೇದಾರಿಯ ಕಡೆ ತಿರುಗಿದಳು.

"ಅಣ್ಣಾ, ನಿನಗೊಂದ ಮಾತ ಹೇಳಬೇಕಂತ ಕಾಯಾಕತ್ತಿದ್ದೆ. ನನ್ನ ಮಗಳ ಮದುವಿ ಮುಗದ ಮ್ಯಾಲ ಆ ಹುಕ್ಕೇರಿ ಮಾಮಾನ ಇಟ್ಟೀಯಲ್ಲ, ನಿನಗ ಪುಣ್ಯ ಬರಲಿ."

ಕೇದಾರಿ ನನ್ನನ್ನು ನೋಡಿದ, ನಾನು ಅತ್ತೆಯನ್ನು ನೋಡಿದೆ. ಅತ್ತೆ ತುಟಿ ಬಿಗಿಹಿಡಿದು ಕೂತಿದ್ದರು. ಕೇಳುವುದಿಲ್ಲ ಎಂದಿದ್ದರಲ್ಲ, ಕೇಳಲಿಲ್ಲ. ಕರೆವ್ವನೇ ಎದ್ದಳು. "ನೀವೂ ನೋಡ್ರೆಲಾ," ಎಂದು ಕ್ಯಾಸೆಟ್ ತುರುಕಿದಳು.

ಬೇರೆ ಮನೆಗಳಲ್ಲಿ ಮಾಡಿದ ರೂಢಿಯಂತೆ ಕೇದಾರಿಯ ಕೈ ತಾನಾಗಿಯೇ ಓಡಿಸುವ ಗುಂಡಿಯ ಕಡೆ ಹೋಯಿತು. ಅತ್ತೆ ಅವನ ಮಣಿಕಟ್ಟು ಹಿಡಿದರು.

"ಓಡಿಸಬ್ಯಾಡ. ಪೂರಾ ನೋಡೂನು."

ಪೂರಾ ನೋಡಿದೆವು. ಅರಿಸಿನದ ನೀರು ಎರೆಯುವುದು, ಬಳೆ ತೊಡಿಸುವುದು, ಊಟದ ಪಂಕ್ತಿಯಲ್ಲಿ ಎಲ್ಲರೂ ಕ್ಯಾಮೆರಾ ಕಂಡು ತುತ್ತು ಹಿಡಿದು ನಿಲ್ಲುವುದು. ಅತ್ತೆ ಒಬ್ಬೊಬ್ಬರನ್ನೂ "ಇವರ್ಯಾರು, ಅವರ್ಯಾರು" ಎಂದು ಕೇಳಿದರು, ಕರೆವ್ವ ಉಮೇದಿನಿಂದ ಹೇಳಿದಳು. ಹುಡುಗಿ ನಗುವಾಗ ಬಲಗೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಆಮೇಲೆ ಹೆಣ್ಣು ಕಳಿಸುವ ಹೊತ್ತು ಬಂತು. ಉಡಿ ತುಂಬಿದರು. ಕಾಜಲ್ ತಾಯಿಯನ್ನು ತಬ್ಬಿಕೊಂಡು ಅತ್ತಳು, ಜೀಪು ಹತ್ತಿದಳು, ಜೀಪು ಧೂಳೆಬ್ಬಿಸಿಕೊಂಡು ಹೋಯಿತು. ನಾನು ಗೋಡೆಯ ಕಡೆ ಮುಖ ತಿರುಗಿಸಿ ಅತ್ತುಬಿಟ್ಟೆ.

ಪರದೆ ಒಮ್ಮೆ ಬಿಳಿಯಾಗಿ ಜೋಲಿ ಹೊಡೆಯಿತು. ಕೂಡಲೇ ಕ್ರಾಸಿನ ಕಲ್ಲು, ಟ್ರಂಕು, ಕೊಡೆ, ಸಾತಪ್ಪ. ಕೊನೆಯ ಕಂತಿನ ಕೊನೆಯ ಆಟ.

ಹುಕ್ಕೇರಿ ಬಸ್ಸು ಬಂದು ನಿಂತಿದೆ, ಮಾಮಾ ನಾಲ್ಕು ವರ್ಷದಲ್ಲಿ ಮೊದಲ ಸಲ ಸರಿಯಾಗಿ ಅದರ ಮುಂದೆಯೇ ಇದ್ದಾನೆ. "ಹತ್ರಿ ಮಾಮಾ, ಜಾಗಾ ಐತಿ" ಎನ್ನುತ್ತಾನೆ ಕಂಡಕ್ಟರ್. ಮಾಮಾ ಒಂದು ಕಾಲು ಮೆಟ್ಟಿಲ ಮೇಲಿಡುತ್ತಾನೆ. ಅಷ್ಟರಲ್ಲಿ ಚಹಾದವನು ಓಡಿ ಬಂದು ಕೊರಳಿಗೆ ಬಿದ್ದು ಅಳುತ್ತಾನೆ. ಚಪ್ಪಲಿ ಹೊಲಿಯುವವನು ಮಾಲೆ ಹಾಕುತ್ತಾನೆ. ಪೇರಲದವಳು ಉಡಿ ತುಂಬಿ, ಹೋದ ಮನೆಯಲ್ಲಿ ತಗ್ಗಿ ಬಗ್ಗಿ ನಡೆಯಬೇಕು ಎಂದು ಬುದ್ಧಿ ಹೇಳುತ್ತಾಳೆ. ಮಾಮಾ ಸೊರ ಸೊರ ಅಳುತ್ತ ಒಬ್ಬೊಬ್ಬರ ಕಾಲಿಗೂ ಬೀಳುತ್ತಾನೆ. ಕೊನೆಯವರಿಗೆ ಬಿದ್ದು ಎದ್ದು, ಕಣ್ಣೊರೆಸಿಕೊಂಡು ತಿರುಗಿದರೆ ಬಸ್ಸಿಲ್ಲ. "ಹುಕ್ಕೇರಿ ಬಸ್ ಹೋತೇನ್ರಿ?" ಎಲ್ಲರೂ ಅಳುತ್ತಲೇ, "ಈಗ ಹೋತಲ್ರಿ ಮಾಮಾ."

ಕರೆವ್ವ ನಕ್ಕಳು. ಕೆನ್ನೆಯ ಮೇಲಿನ ನೀರು ಇನ್ನೂ ಒಣಗಿರಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕಳು. "ನೋಡ್ರಿ ಅಕ್ಕಾರ," ಎಂದಳು ಉಸಿರು ತೆಗೆದುಕೊಳ್ಳುತ್ತ. "ಎಲ್ಲಾರೂ ಅಳತಾರ, ಉಡಿ ತುಂಬತಾರ, ಆದ್ರ ಇಂವ ಹೋಗಂಗಿಲ್ಲ. ಅಲ್ಲೇ ಉಳೀತಾನ. ನನ್ನ ಮಗಳ ಹೋತು, ಇಂವ ಉಳೀತಾನ. ಇದನ್ನ ನೋಡಿ ನಕ್ಕ ಮ್ಯಾಲ ನನಗ ಎದ್ದು ಒಲಿ ಹಚ್ಚಾಕ ಆಗತೈತಿ. ಇಲ್ಲಾಂದ್ರ ಆಗತಿದ್ದಿಲ್ಲ." ಆಮೇಲೆ ಕೇದಾರಿಯನ್ನು ಕೇಳಿದಳು, "ನನ್ನ ಸಂಬಂಧ ಬೇಕಂತ ಇಟ್ಟಿ, ಹೌದಿಲ್ಲೋ ಅಣ್ಣಾ?"

ಮದುವೆ ನಡೆದಾಗ ಹುಡುಗಿ ಕಲ್ಲಿನಂತೆ ಗಟ್ಟಿಯಾಗಿದ್ದಳು, ತಾಯಿಯ ಸಮಾಧಾನಕ್ಕೆಂದು ಆಗ ಯಾರು ಯಾಕೆ ಇಡುತ್ತಾರೆ? ಕೇದಾರಿ ಅತ್ತೆಯ ಕಡೆ ನೋಡಿದ. ನನ್ನ ಅತ್ತೆ ಹಾಲಿನವಳಿಗೂ ಸುಳ್ಳು ಹೇಳಿದವರಲ್ಲ.

"ಯಾರ ಇಟ್ಟರೋ ನಮಗೇನ ಗೊತ್ತಾಗತೈತವಾ," ಎಂದರು ಅತ್ತೆ. "ನಿನ್ನ ಕೈಗಿ ಮುಟ್ಟೇತಿ, ಅಷ್ಟ ಖರೆ."

ಕರೆವ್ವ ತಲೆಯಾಡಿಸಿದಳು. ಕ್ಯಾಸೆಟ್ ತಿರುಗಿ ತಿರುಗಿ ಸವೆದಿದೆ, ಹೀಗೇ ಬಿಟ್ಟರೆ ಒಂದು ದಿನ ಹರಿಯುತ್ತದೆ, ಕಾಪಿ ತೆಗೆದು ಡಿಸ್ಕು ಮಾಡಿಕೊಡುತ್ತೇನೆ ಎಂದು ಕೇದಾರಿ ಹೇಳಿದ. ಮಾಮಾನ ಈ ಆಟ ಬೇರೆಲ್ಲೂ ಉಳಿದಿಲ್ಲ, ಮಂದಿಗೂ ತೋರಿಸಬಹುದೇ ಎಂದೂ ಕೇಳಿದ.

"ತಗೊಂಡ ಹೋಗು. ಆದ್ರ ಅಕಿನ್ನ ಬಿಟ್ಟ ಇಂವನ್ನ ಒಬ್ಬನ್ನ ತಗೋಬ್ಯಾಡ. ಅಕಿ ಜೀಪ ಹತ್ತೂದು ಮೊದಲ ಇರಲಿ," ಎಂದಳು ಕರೆವ್ವ.

ಹೊರಗೆ ಬಂದು ಬಸ್ಸಿಗೆ ನಿಂತಾಗ ನನಗೆ ಹಿಗ್ಗು ತಡೆಯಲಿಲ್ಲ. "ಅಂತೂ ನೋಡಿದ್ರೆಲಾ ಅತ್ತೀ. ಉಡಿ ತುಂಬೂ ಮುಂದ ಮಾಮಾನ ಮಾರಿ ನೋಡಿದ್ರೇನು?"

"ಇಲ್ಲವಾ," ಎಂದರು ಅತ್ತೆ. "ಅಕಿ ನಗಾಕತ್ತಿದ್ಲಲ್ಲ, ಅಕಿನ್ನ ನೋಡಾಕತ್ತಿದ್ದೆ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಐದು ವರ್ಷ, ಇಷ್ಟು ಮನೆ, ಇಷ್ಟು ಅವಲಕ್ಕಿ, ಕೊನೆಗೆ ಕಣ್ಣೆದುರು ಬಂದಾಗ ನೋಡಲಿಲ್ಲವೆಂದರೆ. ಬಾಯಿಗೆ ಬಂದದ್ದನ್ನು ಅಂದೆ. ಅತ್ತೆ ತಿರುಗಿ ಬೈಯಲಿಲ್ಲ.

"ಶುಭಾಂಗಿ, ನಾ ಆ ವರ್ಷ ಬದನಿಕಾಯಿ ಬಿಟ್ಟಿದ್ರ ಮಾಮಾನ್ನ ಆವತ್ತ ನೋಡಿ ಮರತ ಬಿಡತಿದ್ದೆ. ಕರೆವ್ವನ ಮನಿ ಬಾಗಿಲಕ ಬರತಿದ್ವೇನು? ಕೇದಾರಿ ಬರತಿದ್ನೇನು? ಆ ಕ್ಯಾಸೆಟ್ ಅಲ್ಲೇ ಸವದು ಹರದು ಹೋಗತಿತ್ತು," ಎಂದರು. "ನನ್ನ ಹಳಹಳಿ ಹೋತವಾ. ಟಿವಿ ಬಿಟ್ಟಿದ್ದ ಚಲೋ ಆತು."

ಅವರು ಹಾಗೆಂದ ಮೇಲೆ ನನ್ನ ಸಿಟ್ಟಿಗೆ ನೆಲೆಯೇ ಉಳಿಯಲಿಲ್ಲ. ಮಹಾರಾಜರಿಗೂ, ಕೇದಾರಿಯ ಗಡಬಡಿಗೂ, ಬಾರದ ಹೊಸ ಕ್ಯಾಸೆಟ್ಟಿಗೂ ಮನಸ್ಸಿನಲ್ಲೇ ಕೈ ಮುಗಿದೆ.

ದೀಪಾವಳಿಯ ಮುನ್ನಾದಿನ ವಿಸಿಡಿ ಬಂತು. ಮೂಡಲಗಿಯ ಅಂಗಡಿಯಲ್ಲಿ ಮಧ್ಯಾಹ್ನದೊಳಗೆ ಮುಗಿದು, ಮಂದಿ ಗೋಕಾಕಕ್ಕೆ ಬಸ್ಸು ಹತ್ತಿದರಂತೆ. ನಮ್ಮ ಪಡಸಾಲೆ ಹಿಂದಿನಂತೆ ತುಂಬಿತು. ಜಿನೇಂದ್ರ ಧುಪದಾಳಕ್ಕೆ ಹೋಗಿ ಕರೆವ್ವನನ್ನು ಕರೆತಂದಿದ್ದರು. ಅತ್ತೆ ಅವಳನ್ನು ತಮ್ಮ ಪಕ್ಕ, ಮುಂದಿನ ಚಾಪೆಯ ಮೇಲೆ ಕೂರಿಸಿಕೊಂಡರು. ಕೊನೆಯ ಡಿಸ್ಕಿನಲ್ಲಿ ನಗೆಯಾಟದ ನಡುವೆ ಇದ್ದಕ್ಕಿದ್ದಂತೆ ಒಬ್ಬ ಮದುಮಗಳು ತಾಯಿಯನ್ನು ತಬ್ಬಿ ಅಳುವುದು ಬಂತು. ಹಿಂದೆ ಯಾರೋ "ಇದೇನಿದು, ಯಾರದೋ ಮದುವಿ" ಎಂದರು.

"ಅಕಿ ಕಾಜಲ್," ಎಂದರು ಅತ್ತೆ, ಹಿಂದೆ ತಿರುಗದೆ. "ಇವರ ಮಗಳು. ಸುಮ್ಮ ಕುಂತು ನೋಡ್ರಿ."

ಪಡಸಾಲೆ ಸದ್ದಿಲ್ಲದೆ ನೋಡಿತು. ಜೀಪು ಹೋಯಿತು, ಹುಕ್ಕೇರಿ ಬಸ್ಸು ಬಂತು, ಮಾಮಾನ ಉಡಿ ತುಂಬಿದರು. ಈ ಸಲ ಅತ್ತೆ ಟಿವಿಯನ್ನೇ ನೋಡುತ್ತಿದ್ದರು. ಮಾಮಾ ತಿರುಗಿ ಬಸ್ಸಿಲ್ಲದ್ದನ್ನು ಕಂಡಾಗ ಅವರಿಂದ ಹೊರಟ ನಗು ಎಂಥದ್ದೆಂದರೆ, ಒಂದು ಕೈ ನನ್ನ ತೊಡೆಯ ಮೇಲೆ ಬಿತ್ತು, ಇನ್ನೊಂದು ಕರೆವ್ವನ ತೊಡೆಯ ಮೇಲೆ. ಓಣಿಯೆಲ್ಲ ನಕ್ಕಿತು. ಕರೆವ್ವನೂ ನಕ್ಕಳು, ಮೊದಲ ಸಲ ಮಂದಿಯ ನಡುವೆ ಕೂತು.

ನಗು ಇಳಿದ ಮೇಲೆ ಹೆಂಗಸರು, "ಜಿನ್ನಕ್ಕಾ, ಮತ್ತೊಮ್ಮಿ ಹಚ್ಚಸ್ರಿ, ಮಾಮಾನ್ನ ಮತ್ತೊಮ್ಮಿ ನೋಡೂನು" ಎಂದು ಗಂಟುಬಿದ್ದರು. ನಾನು ರಿಮೋಟು ಹಿಡಿದು ಹಿಂದಕ್ಕೆ ಓಡಿಸಿ, ಬಸ್ಸು ಬರುವಲ್ಲಿಗೆ ನಿಲ್ಲಿಸಿದೆ.

"ಅಲ್ಲಿಂದ ಅಲ್ಲ," ಎಂದರು ಅತ್ತೆ. "ಇನ್ನೂ ಹಿಂದಕ ತಗೋ. ಕಾಜಲ್‌ನಿಂದ ಹಚ್ಚು."